ಏಳನೆಯ ಫಾರಂ

ಹೋದ ತಿಂಗಳು ಅಟ್ಟದ ಮೇಲಿನ ತಗಡಿನ ಟ್ರಂಕನ್ನು ಇಳಿಸಿ ಕೊಡವುತ್ತಿದ್ದಾಗ ಇನ್ನೂರು ಪುಟದ ಒಂದು ನೋಟುಬುಕ್ಕು ಕೈಗೆ ಸಿಕ್ಕಿತು. ರಟ್ಟು ಎಂದೋ ಹೋಗಿದೆ, ಮೂಲೆಗಳನ್ನು ಇಲಿ ರುಚಿ ನೋಡಿ ಬಿಟ್ಟಿದೆ, ಒಳಗಿನ ಅಕ್ಷರಗಳು ಮಾತ್ರ ಇನ್ನೂ ನೀಲಿಯಾಗಿಯೇ ಇವೆ. ಆ ಅಕ್ಷರಗಳನ್ನು ನೀವು ನೋಡಿದರೆ ಬರೆದವನಿಗೆ ಚಳಿಜ್ವರ ಬಂದಿರಬೇಕು ಎಂದುಕೊಳ್ಳುತ್ತೀರಿ. ಸಾಲು ನೆಟ್ಟಗೆ ಹೊರಟು, ಏಕಾಏಕಿ ಮೇಲಕ್ಕೆ ಜಿಗಿದು, ಹಿಂದಿನ ಸಾಲಿನ ಒತ್ತಕ್ಷರಕ್ಕೆ ಹಣೆ ಬಡಿದುಕೊಂಡು, ಮೈ ಕೊಡವಿಕೊಂಡು ಮತ್ತೆ ನಡೆಯತೊಡಗುತ್ತದೆ. ಜ್ವರವೂ ಇಲ್ಲ, ನಡುಕವೂ ಇಲ್ಲ ಗೆಳೆಯರೇ. ಅದೆಲ್ಲ ಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಸರಕಾರಿ ಬಸ್ಸಿನಲ್ಲಿ, ತೊಡೆಯ ಮೇಲೆ ಒಂದು ರಟ್ಟಿಟ್ಟುಕೊಂಡು ಬರೆದದ್ದು. ಅಕ್ಷರ ಬಲಕ್ಕೆ ವಾಲಿದ್ದರೆ ಬಂಗ್ಲಾದ ತಿರುವು ಬಂತೆಂದು ತಿಳಿಯಬೇಕು. ಪದವೊಂದು ಅರ್ಧಕ್ಕೇ ನಿಂತು ಶಾಯಿಯ ಮಚ್ಚೆಯಾಗಿದ್ದರೆ ರಾಜೇಶ್ವರದಲ್ಲಿ ಯಾರೋ ಕೋಳಿಬುಟ್ಟಿ ಹಿಡಿದು ಹತ್ತಿ ನನ್ನನ್ನು ಕಿಟಕಿಗೆ ಒತ್ತಿದ್ದಾರೆಂದು ತಿಳಿಯಬೇಕು. ನನ್ನ ಸಾಹಿತ್ಯಕೃಷಿಯ ಭೂಗೋಳವೆಲ್ಲ ಇಷ್ಟೇ.

ನಾನು ಹುಮನಾಬಾದಿನ ಒಂದು ಶಾಲೆಯಲ್ಲಿ ವಿಜ್ಞಾನ ಹೇಳುವ ಮಾಸ್ತರನಾಗಿದ್ದೆ. ಮನೆ ಕಲ್ಯಾಣದ ಹಳೆಯ ಓಣಿಯೊಂದರಲ್ಲಿ. ಹೋಗಲು ಒಂದು ತಾಸು, ಬರಲು ಒಂದು ತಾಸು. ಆ ಎರಡು ತಾಸುಗಳನ್ನು ಬಲು ನಿಷ್ಠೆಯಿಂದ ಹಂಚಿಕೊಂಡಿದ್ದೆ: ಹೋಗುವಾಗ ವಿಜ್ಞಾನ, ಬರುವಾಗ ಭೂತ. ಬೆಳಗಿನ ತಾಜಾ ತಲೆಯಲ್ಲಿ ಮಂಗಳಗ್ರಹದವರು ಬೀದರಿನ ಕೋಟೆಯ ಮೇಲೆ ಇಳಿಯುತ್ತಿದ್ದರು, ಜೋಳದ ಹೊಲಕ್ಕೆ ಬುದ್ಧಿ ಹುಟ್ಟಿ ಅದು ಒಡೆಯನ ಜೊತೆ ವಾದಕ್ಕಿಳಿಯುತ್ತಿತ್ತು. ಸಂಜೆ, ದಿನವಿಡೀ ಮಕ್ಕಳ ಗದ್ದಲದಲ್ಲಿ ಬೆಂದ ತಲೆಗೆ ಸ್ಮಶಾನವೇ ಹಿತವೆನಿಸಿ, ಬಾವಿಯೊಳಗಿಂದ ಕೈಗಳು ಏಳುತ್ತಿದ್ದವು. ಹೀಗೆ ಬಸ್ಸಿನ ಸೀಟಿನಲ್ಲೇ ನೂರಾ ಹದಿನೇಳು ಕಾದಂಬರಿಗಳು ಹುಟ್ಟಿದವು. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ, ಮುಖಪುಟದಲ್ಲಿ ಕೂದಲು ಕೆದರಿದ ಹೆಂಗಸೋ ಹಸಿರು ಬಣ್ಣದ ಅನ್ಯಲೋಕದವನೋ ಇರಲೇಬೇಕಾದ, ಅಂಗೈ ಅಗಲದ ಪುಸ್ತಕಗಳು. ಸಾಹಿತ್ಯದ ದೊಡ್ಡಮನೆಯ ಪಡಸಾಲೆಗೆ ನನ್ನನ್ನು ಯಾರೂ ಕರೆಯಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಮಂದಿಯನ್ನು ಬೆಚ್ಚಿಬೀಳಿಸುವ ಸುಖವೇ ನನಗೆ ಸಾಕಾಗಿತ್ತು. ಮನೆಯಲ್ಲಂತೂ ನನ್ನ ಪ್ರತಿಭೆಗೆ ಮೂರು ಕಾಸಿನ ಮರ್ಯಾದೆ ಇರಲಿಲ್ಲ. “ಕತ್ತಲಾದ ಮ್ಯಾಲೆ ಹಿತ್ತಲಕ ಹೋಗಾಕ ನನ್ನ ಜೋಡಿ ಕರೀತೀರಿ, ಊರ ಮಂದೀಗಿ ಹೆದರಸಾಕ ಹೊಂಟೀರಿ ನೋಡ್ರಿ” ಎಂದು ಹೆಂಡತಿ ನಗುತ್ತಿದ್ದಳು. ಅದು ಸುಳ್ಳೇನೂ ಅಲ್ಲ. ಹೆದರಿಕೆಯ ಕಸುಬಿನವನಿಗೆ ಸ್ವಲ್ಪ ಪುಕ್ಕಲುತನ ಇರಲೇಬೇಕು. ಉಪ್ಪು ಹೆಚ್ಚು ತಿನ್ನುವವನೇ ಉಪ್ಪಿನ ಹದ ಬಲ್ಲ ಎಂದು ನಾನೂ ನಕ್ಕು ಸುಮ್ಮನಾಗುತ್ತಿದ್ದೆ.

ಒಂದು ಹೆಮ್ಮೆ ಮಾತ್ರ ನನಗಿತ್ತು, ಅದನ್ನು ಮುಚ್ಚಿಡಲಾರೆ. ನನ್ನ ಯಾವ ಭೂತಕ್ಕೂ ಕೊನೆಯ ಅಧ್ಯಾಯದ ಆಚೆ ಆಯುಷ್ಯವಿರಲಿಲ್ಲ. ಎಷ್ಟೇ ರಕ್ತ ಕಾರಿಸಲಿ, ಎಷ್ಟೇ ಗೆಜ್ಜೆ ಸಪ್ಪಳ ಕೇಳಿಸಲಿ, ಕೊನೆಯ ಅಧ್ಯಾಯದಲ್ಲಿ ಕನ್ನಡಕ ಹಾಕಿದ ಒಬ್ಬ ಡಾಕ್ಟರೋ ವಿಜ್ಞಾನಿಯೋ ಬಂದು, ಇದು ರಂಜಕದ ಆಟ, ಇದು ದಾಯಾದಿಯ ದುರಾಸೆ, ಇದು ಮೂರ್ಛೆರೋಗ ಎಂದು ಒಂದೊಂದನ್ನೇ ಬಿಡಿಸಿ ಹೇಳಿಬಿಡಬೇಕು. ಬೆಳಗಿನ ಮಾಸ್ತರ ಸಂಜೆಯ ಮಾಂತ್ರಿಕನ ಕೈ ಹಿಡಿದು ಮನೆಗೆ ಕರೆದೊಯ್ಯುತ್ತಿದ್ದ ಜಾಗ ಅದು. ಆ ಅಧ್ಯಾಯವಿರುವ ತನಕ ನಾನು ಯಾರಿಗೂ ಅನ್ಯಾಯ ಮಾಡುತ್ತಿಲ್ಲ ಎಂಬ ಧೈರ್ಯ ನನಗಿತ್ತು.

ನೂರಾ ಹದಿನೇಳಕ್ಕೇ ಯಾಕೆ ನಿಲ್ಲಿಸಿದಿರಿ ಎಂದು ಹಳೆಯ ಓದುಗರು ಈಗಲೂ ಅಪರೂಪಕ್ಕೆ ಕೇಳುತ್ತಾರೆ. ಟಿವಿ ಬಂತು, ಆಮೇಲೆ ಮೊಬೈಲು ಬಂತು, ಪುಟ್ಟ ಕಾದಂಬರಿಗಳ ಕಾಲ ಮುಗಿಯಿತು ಎಂದು ಹೇಳುತ್ತ ಬಂದಿದ್ದೇನೆ. ಅದು ಶುದ್ಧ ಸುಳ್ಳು. ಇಷ್ಟು ವರ್ಷ ಆ ಸುಳ್ಳು ಚೆನ್ನಾಗಿಯೇ ನಡೆದಿತ್ತು, ಟ್ರಂಕು ಇಳಿಸುವ ಹಿಂದಿನ ವಾರ ಹುಮನಾಬಾದಿನ ಬಸ್ಸಿನಲ್ಲಿ ನಡೆದ ಒಂದು ಸಂಗತಿ ಅದನ್ನು ಕೆಡಿಸಿತು.

ಪಿಂಚಣಿಯ ಕೆಲಸಕ್ಕೆಂದು ಹೊರಟಿದ್ದೆ. ಪಕ್ಕದಲ್ಲಿ ಚಿಟಗುಪ್ಪಕ್ಕೆ ಹೋಗುವ ಒಬ್ಬ ನಡುವಯಸ್ಸಿನ ಹೆಣ್ಣುಮಗಳು, ಮಡಿಲಲ್ಲಿ ಮೊಬೈಲು, ಅದರೊಳಗಿಂದ ಬೆನ್ನು ನಡುಗಿಸುವ ಸಂಗೀತ, ಸಂಗೀತದ ಮೇಲೊಂದು ಗಡಸು ದನಿ: ‘ಕಲ್ಯಾಣದಲ್ಲಿ ನಡೆದ ನಿಜ ಘಟನೆ’. ಎರಡು ವಾಕ್ಯ ಕೇಳುವಷ್ಟರಲ್ಲಿ ನಾನು ಆಕೆಯ ಮೊಬೈಲಿನ ಕಡೆ ಬಾಗಿದೆ. ವಾಕ್ಯಗಳು ನನ್ನವು. ಅಲ್ಪವಿರಾಮಗಳು ಕೂಡ ನನ್ನವು. ಓಣಿ, ಬೇವಿನಮರ, ನಾಲ್ಕನೆಯ ಬಾಗಿಲು, ಕೌದಿ ಹೊಲಿಯುವ ಮಾಟಗಾತಿ, ಎಲ್ಲವನ್ನೂ ಆ ದನಿ ಒಂದಕ್ಷರ ಬಿಡದೆ ಓದುತ್ತಿತ್ತು. ಬರೆದವನ ಹೆಸರೊಂದನ್ನು ಬಿಟ್ಟಿತ್ತು. ತಡೆಯಲಾರದೆ ಆಕೆಗೆ ಹೇಳಿದೆ, ಇದು ಕಥೆ, ಬರೆದವನು ನಾನೇ ಎಂದು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕನಿಕರದಿಂದ ನಕ್ಕಳು.

“ಸುಮ್ಕಿರ್ರಿ ಅಜ್ಜಾರ. ಕಥಿ ಅಲ್ಲರಿ, ಖರೆ ಆದದ್ದು. ನಮ್ಮ ಅತ್ತಿ ತವರಮನಿ ಕಲ್ಯಾಣನ ಐತಿ, ಆಕಿ ಮನಿ ಅವರು ಕಣ್ಣಾರೆ ನೋಡ್ಯಾರ. ಹಲ್ಲು ಮುರದ ಮ್ಯಾಲೆನ ಆಕಿ ಮಂತ್ರ ನಿಂತಾವಂತ.”

ಹಲ್ಲಿನ ಮಾತು ನನ್ನ ಪುಸ್ತಕದಲ್ಲಿ ಇರಲಿಲ್ಲ. ಅದು ನಿಜವಾಗಿಯೂ ಆದದ್ದು. ನಾನು ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತ ಕೂತೆ. ಅದಕ್ಕೇ ಈಗ ನಿಮಗಾದರೂ ಎಲ್ಲವನ್ನೂ ಹೇಳಿಬಿಡುತ್ತೇನೆ, ಕೊನೆಯ ಅಧ್ಯಾಯದ ಸಮೇತ.

ಅವಳ ಹೆಸರು ಗುರಮ್ಮ. ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು. ನಮ್ಮ ಕಡೆ ಚಿಕ್ಕಮ್ಮನನ್ನು ಕಾಕು ಎನ್ನುತ್ತಾರೆ. ರಕ್ತಸಂಬಂಧ ಇರದಿದ್ದರೂ ನಾನು ಅವಳನ್ನು ಹಾಗೆಯೇ ಕರೆಯುತ್ತಿದ್ದೆ, ಅವಳು ನನ್ನನ್ನು ಶಿವಾ ಎನ್ನುತ್ತಿದ್ದಳು. ಎರಡು ಮನೆಗಳ ನಡುವೆ ಉಣ್ಣುವ, ತಿನ್ನುವ ಭೇದ ಎಂದೂ ಇರಲಿಲ್ಲ. ಅವ್ವ ಹೊಲಕ್ಕೆ ಹೋದ ದಿನಗಳಲ್ಲಿ ಗುರಮ್ಮಕಾಕುವಿನ ರೊಟ್ಟಿ ತಿಂದೇ ನಾನು ಬೆಳೆದದ್ದು. ನನ್ನ ಮೊದಲ ಸಂಬಳದ ದಿನ ಅವ್ವನಿಗಿಂತ ಮೊದಲು ಹೂರಣದ ಹೋಳಿಗೆ ಮಾಡಿ ಕಾದಿದ್ದವಳು ಅವಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಕೌದಿ ಹೊಲಿದು ಬದುಕುತ್ತಿದ್ದಳು. ಊರಿನ ಅರ್ಧ ಮನೆಗಳ ಹಳೆಯ ಬಟ್ಟೆ ಅವಳಲ್ಲಿಗೆ ಬರುತ್ತಿತ್ತು. ಸವೆದ ಪತ್ತಲ, ಮೊಣಕೈ ಹರಿದ ಅಂಗಿ, ಸತ್ತವರ ಧೋತರ, ಹುಟ್ಟಿದ ಕೂಸಿನ ಕುಂಚಿಗೆ, ಎಲ್ಲ ಒಂದರ ಮೇಲೊಂದು ಕೂತು ಒಂದು ಮನೆತನದ ಚರಿತ್ರೆಯೇ ಹೊದಿಕೆಯಾಗುತ್ತಿತ್ತು. ಹೊಲಿಯುತ್ತ ಅವಳು ಆ ಬಟ್ಟೆಗಳ ಜೊತೆ ಮಾತಾಡುತ್ತಿದ್ದಳು: ಇದು ಶಾಂತಾನ ಕುಬಸದ ಪತ್ತಲ, ಇದು ಹಿರಿಯ ಗೌಡರ ರುಮಾಲು, ಎಷ್ಟು ಉಟ್ಟರೂ ಬಣ್ಣ ಹೋಗಿಲ್ಲ ನೋಡು ಎಂದು. ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಅದರೊಳಗೆ ನಾಲ್ಕು ಜೋಳದ ಕಾಳು ಹಾಕಿ ಹೊಲಿಯುವುದು ಅವಳ ತವರಿನ ರೂಢಿ. ಯಾಕೆಂದು ಕೇಳಿದರೆ, “ಹೊತ್ತಕೊಂಡವರು ಹಸಕೊಂಡು ಮಲಗಬಾರದಪ್ಪ” ಎನ್ನುತ್ತಿದ್ದಳು.

ಆ ಕಾಲಕ್ಕೆ ನನ್ನ ಪ್ರಕಾಶಕರು ದೂರದ ಊರಿನಿಂದ ಒಂದು ಪತ್ರ ಬರೆದರು. ನಿಮ್ಮ ಕಡೆಯ ಭಾನಾಮತಿಯ ಬಗ್ಗೆ ಒಂದು ಕೊಡಿ ಮಾಸ್ತರೇ, ಇಲ್ಲಿಯ ಓದುಗರು ಬಾಯಿಬಿಟ್ಟುಕೊಂಡು ಕಾಯುತ್ತಿದ್ದಾರೆ ಎಂದು. ಭಾನಾಮತಿ ಎಂದರೆ ನಮ್ಮ ಸೀಮೆಯ ಮಾಟ. ಮುಚ್ಚಿದ ಪೆಟ್ಟಿಗೆಯೊಳಗಿನ ಬಟ್ಟೆ ಸುಡುವುದು, ಮಾಳಿಗೆಯ ಮೇಲೆ ಕಲ್ಲು ಬೀಳುವುದು, ಸೊಸೆಯಂದಿರು ನಾಯಿಯಂತೆ ಬೊಗಳುವುದು ಎಲ್ಲ ಅದರ ಲಕ್ಷಣವೆಂದು ಹೇಳುತ್ತಾರೆ. ಮಾಟ ಮಾಡಲು ಉಟ್ಟ ಬಟ್ಟೆಯ ಚೂರು ಬೇಕೆಂದೂ ಹೇಳುತ್ತಾರೆ. ಉಟ್ಟ ಬಟ್ಟೆ! ಬಸ್ಸಿನಲ್ಲಿ ಕೂತು ಆ ಮಾತು ನೆನೆದ ಕೂಡಲೇ ನನ್ನ ಕಣ್ಣ ಮುಂದೆ ಗುರಮ್ಮಕಾಕು ಬಂದು ನಿಂತಳು. ಕಥೆಗಾರನ ಮನಸ್ಸು ಎಂಥ ಕಳ್ಳ ನೋಡಿ. ರೊಟ್ಟಿ ಕೊಟ್ಟ ಕೈಯನ್ನೇ ಅದು ಮೊದಲು ಹಿಡಿಯಿತು.

ನೂರಾ ಹದಿನೇಳನೆಯ ಕಾದಂಬರಿಯಲ್ಲಿ ಅವಳ ಹೆಸರು ಬದಲಾಯಿಸಿದೆ, ಅಷ್ಟೇ. ಓಣಿ ಹಾಗೆಯೇ ಇತ್ತು, ಬೇವಿನಮರ ಹಾಗೆಯೇ ಇತ್ತು, ಬಟ್ಟೆಗಳ ಜೊತೆಗಿನ ಮಾತು ಹಾಗೆಯೇ ಇತ್ತು. ಜೋಳದ ಕಾಳಿನ ಜಾಗದಲ್ಲಿ ಹೆಣದ ಕೂದಲು, ಸುಡುಗಾಡಿನ ಬೂದಿ ಹಾಕಿಸಿದೆ. ಅದೇ ಬೂದಿಯನ್ನು ಅವಳ ಕೈಯಿಂದ ರೊಟ್ಟಿಯ ಹಿಟ್ಟಿಗೂ ಕಲೆಸಿ, ತಿಂದವರ ರೊಟ್ಟಿಯ ಅಂಚಿನಲ್ಲಿ ಸಾಸಿವೆಯಷ್ಟು ಕರಿಯ ಚುಕ್ಕೆ ಕಾಣುವಂತೆ ಮಾಡಿದೆ. ಹೆಸರೊಂದನ್ನು ಬದಲಾಯಿಸಿದರೆ ಮನುಷ್ಯರೇ ಬದಲಾಗುತ್ತಾರೆಂದು ನಂಬಿದ ನಾನು ಎಂಥ ದಡ್ಡ ಮಾಸ್ತರ! ಆದರೆ ಕೊನೆಯ ಅಧ್ಯಾಯದಲ್ಲಿ, ಎಂದಿನ ಹಾಗೆ, ಡಾಕ್ಟರು ಬಂದೇ ಬಂದರು. ಮಾಟ ತಗುಲಿತೆಂದ ಮನೆಯ ಸೊಸೆಗೆ ಇರುವುದು ಮೂರ್ಛೆರೋಗ, ಬಟ್ಟೆ ಸುಟ್ಟವನು ಅವಳ ಮೈದುನ, ಮೂಲೆಯಲ್ಲಿ ಕೂದಲು ತುರುಕಿದವನೂ ಅವನೇ ಎಂದು ತೋರಿಸಿದರು. ಓಣಿಯವರು ಆ ಹೆಂಗಸಿನ ಕಾಲಿಗೆ ಬಿದ್ದರು. ಅವಳು ಸೊಸೆಯ ಕೂಸಿಗೆ ಇನ್ನೊಂದು ಕೌದಿ ಹೊಲಿದುಕೊಟ್ಟಳು. ಬರೆದು ಮುಗಿಸಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು, ನಗಬೇಡಿ.

ಪುಸ್ತಕ ಅಚ್ಚಾಗುವ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹದಿನಾರು ಪುಟಗಳು ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಿಚಿಕೊಳ್ಳುತ್ತವೆ. ಅದಕ್ಕೆ ಒಂದು ಫಾರಂ ಎನ್ನುತ್ತಾರೆ. ನಮ್ಮ ಪುಟ್ಟ ಕಾದಂಬರಿಗಳು ಆರು ಫಾರಮ್ಮಿಗೆ ಮುಗಿಯಬೇಕು. ಇದು ಏಳಕ್ಕೆ ಹೋಗಿತ್ತು. ಪ್ರಕಾಶಕರಿಂದ ಒಂದು ಕಾರ್ಡು ಬಂತು: ಕಾಗದ ತುಟ್ಟಿಯಾಗಿದೆ, ಏಳನೆಯ ಫಾರಂ ಕೈಬಿಡೋಣ, ಮಂದಿ ಅವಳ ಬಾಗಿಲ ಮುಂದೆ ಸೇರುವಲ್ಲಿಗೇ ಮುಗಿಸೋಣ, ಅಲ್ಲದೆ ನಿಮ್ಮ ಡಾಕ್ಟರು ಬಂದರೆ ಕಥೆ ತಣ್ಣಗಾಗುತ್ತದೆ, ಒಂದು ವಾರದೊಳಗೆ ಬೇಡವೆಂದು ತಿಳಿಸದಿದ್ದರೆ ಒಪ್ಪಿಗೆ ಎಂದುಕೊಳ್ಳುತ್ತೇನೆ.

ಆ ಕಾರ್ಡನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಒಂದು ವಾರ ಹುಮನಾಬಾದಿಗೆ ಹೋಗಿಬಂದೆ. ದಿನಾ ಎರಡು ಸಲ ಅಂಚೆಕಚೇರಿಯ ಮುಂದೆಯೇ ಬಸ್ಸು ಹಾಯುತ್ತಿತ್ತು. ಇಳಿಯಲಿಲ್ಲ. ಪ್ರಕಾಶಕರ ಮೇಲೆ ಗೂಬೆ ಕೂರಿಸಿ ನಾನು ಪಾರಾಗಬಹುದು, ಎಷ್ಟೋ ವರ್ಷ ಮನಸ್ಸಿನಲ್ಲಿ ಹಾಗೇ ಮಾಡಿಯೂ ಮಾಡಿದೆ. ಆದರೆ ನಿಮ್ಮ ಮುಂದೆ ಏನು ಮುಚ್ಚುಮರೆ? ಡಾಕ್ಟರು ಬಂದರೆ ಕಥೆ ತಣ್ಣಗಾಗುತ್ತದೆ ಎಂದು ನನಗೂ ಅನ್ನಿಸಿತ್ತು. ಭಯಕ್ಕೆ ಇರುವ ರುಚಿ ವಿವರಣೆಗೆ ಇಲ್ಲ. ತರಗತಿಯಲ್ಲಿ ಗ್ರಹಣ ಹೇಗಾಗುತ್ತದೆಂದು ಹೇಳುವಾಗ ಆಕಳಿಸುವ ಮಕ್ಕಳೇ ರಾಹು ನುಂಗಿದ ಕಥೆಗೆ ಕಣ್ಣರಳಿಸುವುದನ್ನು ನಾನು ದಿನಾ ಕಂಡವನು. ಒಂದೇ ಒಂದು ಸಲ, ನನ್ನ ಭೂತ ಸಾಯದೆ ಉಳಿದರೆ ಹೇಗಿರುತ್ತದೆ ನೋಡೋಣ ಎಂಬ ಆಸೆ ಹುಟ್ಟಿತು. ಅದು ಬರೆಯುವವನ ಆಸೆ, ತಪ್ಪೆಂದು ಆಗ ತೋರಲಿಲ್ಲ.

ಪುಸ್ತಕ ಬೆಂಕಿಯ ಹಾಗೆ ಹಬ್ಬಿತು. ಎರಡನೆಯ ಮುದ್ರಣ ಬಂತು, ಮೂರನೆಯದೂ ಬಂತು. ಅಷ್ಟು ವರ್ಷ ನನ್ನನ್ನು ಬರೀ ಮಾಸ್ತರ ಎಂದು ತಿಳಿದಿದ್ದ ಕಲ್ಯಾಣ ಮೊದಲ ಬಾರಿ ನನ್ನನ್ನು ಓದಿತು. ಕ್ಷೌರದಂಗಡಿಯಲ್ಲಿ ಒಬ್ಬ ಗಟ್ಟಿಯಾಗಿ ಓದುತ್ತಿದ್ದರೆ ನಾಲ್ವರು ಅರ್ಧ ಬೋಳಿಸಿದ ಮುಖದಲ್ಲೇ ಕೇಳುತ್ತ ಕೂತಿರುತ್ತಿದ್ದರು. ನಾನು ಹಿಗ್ಗಿಹೋದೆ. ಹಿಗ್ಗಿನಲ್ಲಿ, ಓದಿದವರು ಪುಸ್ತಕ ಮುಚ್ಚಿ ನಾಲ್ಕನೆಯ ಬಾಗಿಲಿನ ಕಡೆ ಕತ್ತು ತಿರುಗಿಸುವುದು ಕಂಡರೂ ಕಾಣಿಸಲಿಲ್ಲ.

ಮೊದಲು ಕೌದಿಗಳು ಮರಳಿ ಬಂದವು. ಹಗಲಲ್ಲೇ, ಮಾತಿಲ್ಲದೆ, ಒಬ್ಬೊಬ್ಬರಾಗಿ ತಂದು ಅವಳ ಹೊಸ್ತಿಲ ಹೊರಗೆ ಎಸೆದು ಹೋಗುತ್ತಿದ್ದರು. ರಿಪೇರಿಗೆ ತಂದಿದ್ದಾರೆಂದು ತಿಳಿದು ಅವಳು ಒಂದೊಂದನ್ನೂ ಬಿಚ್ಚಿ ನೋಡಿ, ಸೂಜಿ ಪೋಣಿಸಿಕೊಂಡು ಕೂತಿದ್ದಳು. “ಹರದಿಲ್ಲ, ಹೊಲಿಗಿ ಬಿಟ್ಟಿಲ್ಲ. ಯಾಕ ತಂದು ಒಗ್ಯಾಕತ್ತಾರ ಶಿವಾ?” ಎಂದು ನನ್ನನ್ನೇ ಕೇಳಿದಳು. ನನಗೆ ಗೊತ್ತಿತ್ತು. “ಬ್ಯಾಸಿಗಿ ಬಂತಲ್ಲ ಕಾಕು, ಅದಕ್ಕಿರಬೇಕು” ಎಂದು ಹೇಳಿ ಜಲ್ದಿ ಜಲ್ದಿ ಬಸ್ಸಿಗೆ ನಡೆದೆ.

ಆಮೇಲೆ ಕಿರಾಣಿ ಅಂಗಡಿಯ ವೀರಣ್ಣನ ಸೊಸೆ ಅಂಗಳದಲ್ಲಿ ಬಿದ್ದು ಕೈಕಾಲು ಸೆಟೆದು ನೊರೆ ಕಾರಿದಳು. ಮೂರ್ಛೆರೋಗವೇ ಇರಬೇಕು. ಆ ಮನೆಯ ತೊಟ್ಟಿಲಿಗೆ ಗುರಮ್ಮಕಾಕು ಹೊಲಿದ ಪುಟ್ಟ ಕೌದಿಯಿತ್ತು. ವೀರಣ್ಣ ನನ್ನ ಪುಸ್ತಕವನ್ನು ಎರಡು ಸಲ ಓದಿದ್ದವನು. ಕೌದಿಯ ಕೊನೆಯ ಮೂಲೆಯನ್ನು ಬ್ಲೇಡಿನಿಂದ ಸೀಳಿದ. ಒಳಗಿಂದ ನಾಲ್ಕು ಜೋಳದ ಕಾಳು ಉದುರಿದವು. ಪುಸ್ತಕದಲ್ಲಿದ್ದದ್ದು ಕೂದಲು ಮತ್ತು ಬೂದಿ, ಅದು ನಿಜ. ಆದರೆ ಮೂಲೆಯೊಳಗೆ ಏನೋ ಒಂದು ಇತ್ತಲ್ಲ, ಮಂದಿಗೆ ಅಷ್ಟೇ ಸಾಕಾಯಿತು.

ಅದು ನಡೆದಾಗ ನಾನು ಹುಮನಾಬಾದಿನಲ್ಲಿ ಪಾಠ ಹೇಳುತ್ತಿದ್ದೆ. ಸಂಜೆ ಕಲ್ಯಾಣದ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಪರಿಚಯದ ಒಬ್ಬ ಓಡಿ ಬಂದು ನನ್ನ ಕೈ ಕುಲುಕಿದ. “ಮಾಸ್ತರ, ಬರೋಬರಿ ನಿಮ್ಮ ಪುಸ್ತಕದಾಂಗ ಆತು ನೋಡ್ರಿ” ಎಂದ. ಅಭಿನಂದನೆ ಹೇಳುವ ದನಿ ಅದು. ಗುರಮ್ಮಕಾಕುವನ್ನು ಮನೆಯಿಂದ ಹೊರಗೆಳೆದು, ಕಲ್ಲಿನಿಂದ ಮುಂದಿನ ಎರಡು ಹಲ್ಲು ಮುರಿದಿದ್ದರು. ಹಲ್ಲಿಲ್ಲದ ಬಾಯಲ್ಲಿ ಮಂತ್ರದ ಉಚ್ಚಾರ ಕೆಡುತ್ತದೆ, ಆಮೇಲೆ ಭಾನಾಮತಿ ನಡೆಯುವುದಿಲ್ಲ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಪೊಲೀಸರು ಬಂದು ಕೇಳಿದಾಗ ಯಾರೂ ಏನನ್ನೂ ನೋಡಿರಲಿಲ್ಲ. ನಾನೂ ಊರಲ್ಲಿರಲಿಲ್ಲ. ಮೂರು ದಿನ ನಾನು ನಾಲ್ಕನೆಯ ಬಾಗಿಲಿನ ಕಡೆಯಿಂದ ಹೋಗದೆ ಓಣಿ ಸುತ್ತಿಕೊಂಡು ಬಸ್ಸಿಗೆ ಹೋದೆ.

ನಾಲ್ಕನೆಯ ದಿನ ಅವಳೇ ಬಂದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಇನ್ನೊಂದು ಕೈಯಲ್ಲಿ ಅವಳ ಮನೆಯೊಳಗೆ ಯಾರೋ ಎಸೆದು ಹೋದ ನನ್ನ ಪುಸ್ತಕ. ಪಾಪ, ಅವಳಿಗೆ ಓದಲು ಬರುತ್ತಿರಲಿಲ್ಲ.

“ಎಲ್ಲಾರೂ ನೀ ಬರದೀದಿ ಅನ್ನಾಕತ್ತಾರ. ಏನ ಬರದೀಯಪ್ಪ? ಜರಾ ಓದಿ ಹೇಳು” ಎಂದಳು.

ಗೆಳೆಯರೇ, ಬರೆಯುವವನಿಗೆ ನರಕವೆಂಬುದು ಇದ್ದರೆ ಅದು ಇಂಥದೇ ಒಂದು ಪಡಸಾಲೆ. ಆರು ಫಾರಂ ಓದಿದೆ. ಬೇವಿನಮರ ಬಂದಾಗ ಅವಳ ಮುಖದಲ್ಲಿ ಗುರುತು ಹಿಡಿದ ಸಂತೋಷ ಮಿನುಗಿತು; ಬಟ್ಟೆಗಳ ಜೊತೆ ಮಾತಾಡುವುದು ಬಂದಾಗ, ನಾನ ಹಿಂಗ ಮಾತಾಡತೀನೇನೋ, ಎಂದು ನಾಚಿದಳು. ಕೊನೆಯ ಮೂಲೆಯಲ್ಲಿ ಕೂದಲು ಬಂದಾಗ ಕೈ ಎತ್ತಿ ನಿಲ್ಲಿಸಿದಳು. “ಜ್ವಾಳ ಅಲ್ಲೇನೋ ಅದು? ನಿನಗ ಗೊತ್ತಿತ್ತಲ್ಲ?” ಎಂದಳು. ಗೊತ್ತಿತ್ತು ಎಂದೆ. ಅವಳು ಮುಂದೆ ಓದುವಂತೆ ಕೈಸನ್ನೆ ಮಾಡಿದಳು. ಪುಸ್ತಕ ಮುಗಿದ ಮೇಲೆ ನಾನು ನೋಟುಬುಕ್ಕು ತೆಗೆದು, ಕುಣಿದಾಡುವ ಆ ಅಕ್ಷರಗಳಲ್ಲಿದ್ದ ಏಳನೆಯ ಫಾರಂ ಓದಿದೆ. ಓಣಿಯವರು ಕಾಲಿಗೆ ಬೀಳುವಲ್ಲಿ ಅವಳು ಅಳತೊಡಗಿದಳು.

“ಇದು ಪುಸ್ತಕದಾಗ ಇಲ್ಲೇನು?”

“ಇಲ್ಲ ಕಾಕು.”

“ಯಾಕ?”

“ಕಾಗದ ತುಟ್ಟಿ ಆಗಿತ್ತು.”

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ನಾ ಈ ಓಣ್ಯಾಗ ಸಾಯಬೇಕಂತ ಮಾಡೀನಿ ಶಿವಾ. ಇಲ್ಲಿ ಬಿಟ್ಟು ಎಲ್ಲೂ ಹೋಗಾಂಗಿಲ್ಲ. ನೀ ಇದನ್ನ ಕಟ್ಟಿ ಮ್ಯಾಲೆ ಕುಂತು ಓದು. ಮಂದಿ ಕೇಳ್ಲಿ. ಕೇಳಿದ್ರ ತಿಳೀತದ ಅವರಿಗೆ.” ನನ್ನ ಬರವಣಿಗೆಯ ಮೇಲೆ ಅಷ್ಟು ನಂಬಿಕೆ ಇಟ್ಟ ಓದುಗರು ನನಗೆ ಬೇರೆ ಯಾರೂ ಸಿಗಲಿಲ್ಲ.

ಮುಂದಿನ ರವಿವಾರ ಬೆಳಿಗ್ಗೆ ಓಣಿಯ ಬೇವಿನ ಕಟ್ಟೆಯ ಮೇಲೆ ಕೂತು ಓದಿದೆ. ಇಡೀ ಓಣಿ ಸೇರಿತ್ತು. ಮಾಸ್ತರರ ಕಥೆಯ ಮುಂದಿನ ಭಾಗವೆಂದು ಪಕ್ಕದ ಓಣಿಯವರೂ ಬಂದಿದ್ದರು. ಮೊದಲಿಗೇ ಹೇಳಿದೆ, ಅದೆಲ್ಲ ನಾನು ಕಟ್ಟಿದ ಸುಳ್ಳು, ಗುರಮ್ಮಕಾಕು ಹಾಕುವುದು ಜೋಳ, ನಾನೇ ಕಣ್ಣಾರೆ ಕಂಡಿದ್ದೇನೆ ಎಂದು. ಆಮೇಲೆ ಹದಿನಾರು ಪುಟ ಓದಿದೆ. ಅವಳು ತನ್ನ ಹೊಸ್ತಿಲ ಮೇಲೆ ನಿಂತು ಪ್ರತಿಯೊಬ್ಬರ ಮುಖವನ್ನೂ ನೋಡುತ್ತಿದ್ದಳು. ಓದಿ ಮುಗಿಸಿದೆ. ಯಾರೂ ನಡುವೆ ಎದ್ದುಹೋಗಿರಲಿಲ್ಲ. ಗೆದ್ದೆ ಎಂದುಕೊಂಡೆ.

“ಸಿಟ್ಟಾಗಬ್ಯಾಡ್ರಿ ಮಾಸ್ತರ” ಎಂದ ವೀರಣ್ಣ, ಬಲು ವಿನಯದಿಂದ. “ಮೊದಲಿಂದು ಛಲೋ ಇತ್ತು. ಇದು ಸಾಲ್ಯಾಗ ಪಾಠ ಹೇಳಿದಾಂಗ ಆತು.”

ಕೆಲವರು ನಕ್ಕರು. ಹಿಂದಿನಿಂದ ಒಬ್ಬ ಹೆಂಗಸು ಸಣ್ಣ ದನಿಯಲ್ಲಿ, “ಅಂಜಿ ಬರದಾರ ತಗೀರಿ. ಆಕಿ ಮಾಸ್ತರಗೂ ಏನೋ ಹಾಕ್ಯಾಳ” ಎಂದಳು. ಆ ಮಾತು ಕಟ್ಟೆಯ ಸುತ್ತ ಒಬ್ಬರಿಂದೊಬ್ಬರಿಗೆ ಹೋಗುವುದನ್ನು ನಾನು ಕೂತಲ್ಲಿಂದಲೇ ನೋಡಿದೆ. ನಾನು ಎದ್ದು ಕೂಗಾಡಿದೆ, ಮೂರ್ಖರು ಎಂದು ಬೈದೆ. ಬೈದಷ್ಟೂ ಅವರ ಕಣ್ಣಲ್ಲಿ ನನ್ನ ಬಗ್ಗೆ ಕನಿಕರ ಹೆಚ್ಚುತ್ತಿತ್ತು.

ಆಗ ಗುರಮ್ಮಕಾಕು ಒಳಗೆ ಹೋಗಿ ಒಂದು ತಾಟು ಹಿಡಿದು ಬಂದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ. ಜನ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. ಆ ವಾರವೆಲ್ಲ ಅವಳ ಮನೆಯ ನೀರನ್ನೂ ಯಾರೂ ಮುಟ್ಟಿರಲಿಲ್ಲ. ತಾಟನ್ನು ನನ್ನ ಮುಂದೆ ಕಟ್ಟೆಯ ಮೇಲಿಟ್ಟು, ಹಲ್ಲುಗಳ ಸಂದಿನಿಂದ ಗಾಳಿ ಸೋರುವ ಮಾತಿನಲ್ಲಿ, “ಉಣ್ಣು ಶಿವಾ. ಸಣ್ಣಾಂವ ಇದ್ದಾಗಿಂದ ಉಂಡೀದಿ. ಮಂದಿ ನೋಡ್ಲಿ” ಎಂದಳು.

ಎಂಥ ಜಾಣೆ ಅವಳು! ನನ್ನ ಹದಿನಾರು ಪುಟಗಳು ಮಾಡಲಾರದ್ದನ್ನು ಒಂದು ತುತ್ತು ಮಾಡುತ್ತಿತ್ತು. ಎಲ್ಲ ಕಣ್ಣುಗಳೂ ನನ್ನ ಬಲಗೈಯ ಮೇಲಿದ್ದವು. ಕೈ ತೊಳೆದೆ, ರೊಟ್ಟಿ ಮುರಿದೆ, ಪಲ್ಯ ಹಚ್ಚಿದೆ, ಬಾಯಿಗೆ ಎತ್ತಿದೆ. ರೊಟ್ಟಿಯ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಕರಿಯ ಚುಕ್ಕೆ ಇತ್ತು.

ಹೆಂಚಿಗೆ ಹತ್ತಿ ಕರಕಾದ ಚುಕ್ಕೆ. ಹುಟ್ಟಿದಂದಿನಿಂದ ಅಂಥ ಸಾವಿರ ರೊಟ್ಟಿ ತಿಂದವನು ನಾನು. ಅದು ಏನೆಂದು ಗೊತ್ತಿತ್ತು. ಅದನ್ನು ಬೂದಿ ಮಾಡಿದವನು ನಾನೇ, ಯಾವ ಸಂಜೆ ಯಾವ ಊರ ಹತ್ತಿರ ಬರೆದೆ ಎಂಬುದೂ ಗೊತ್ತಿತ್ತು. ಆದರೂ ಕೈ ನಿಂತಿತು. ಬೂದಿಯೇ ಇದ್ದರೆ? ಎಂಬ ಒಂದು ಪ್ರಶ್ನೆ ಬಂತು. ಕೈ ಎಷ್ಟು ಹೊತ್ತು ನಿಂತಿತ್ತೋ ತಿಳಿಯದು, ಬಹಳವೇನಿಲ್ಲ, ಎರಡು ಉಸಿರಿನಷ್ಟು ಇರಬಹುದು. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗಿ ತುತ್ತನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು.

ಅವಳು ನೋಡಿಬಿಟ್ಟಿದ್ದಳು. ಓಣಿಯೂ ನೋಡಿತ್ತು. ತುತ್ತನ್ನು ನನ್ನ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡು ತಾಟಿಗೆ ಹಾಕಿ, ಅಲ್ಲೇ ಕಟ್ಟೆಯ ಕೆಳಗೆ ಕೂತು ತಾನೇ ಉಣ್ಣತೊಡಗಿದಳು. ಮುಂದಿನ ಹಲ್ಲುಗಳಿಲ್ಲದೆ ರೊಟ್ಟಿ ಕಡಿಯಲು ಬರುತ್ತಿರಲಿಲ್ಲ. ಚೂರು ಮಾಡಿ, ಪಲ್ಯದಲ್ಲಿ ನೆನೆಸಿ, ದವಡೆಗೆ ತಳ್ಳಿ ನಿಧಾನವಾಗಿ ಅಗಿದಳು. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ನಾನು “ತಪ್ಪಾತು ಕಾಕು” ಎನ್ನುತ್ತಲೇ ಇದ್ದೆ. ತಾಟು ಖಾಲಿಯಾಗುವ ತನಕ ಅವಳು ತಲೆ ಎತ್ತಲಿಲ್ಲ.

“ಅವರಿಗ್ಯಾಕ ಬೈದಿ ಶಿವಾ?” ಎಂದಳು ಎದ್ದು ನಿಂತು. ದನಿಯಲ್ಲಿ ಸಿಟ್ಟಿರಲಿಲ್ಲ. “ಬರದಾಂವ ನೀನ. ನಿನಗ ಅನುಮಾನ ಬಂತು. ಓದಿದವರು ಏನ ಮಾಡಬೇಕು?”

ಎಂಟು ದಿನದಲ್ಲಿ ಅವಳು ಹುಲಸೂರಿನ ತಂಗಿಯ ಮನೆಗೆ ಹೊರಟಳು. ಗಂಟನ್ನು ನಾನೇ ಸ್ಟ್ಯಾಂಡಿನ ತನಕ ಹೊತ್ತೆ, ನಾನೇ ಕಿಟಕಿಯ ಪಕ್ಕ ಜಾಗ ಹಿಡಿದೆ. ಡ್ರೈವರು ಗಾಡಿ ಚಾಲೂ ಮಾಡಿದಾಗ ಅವಳು ಸರಳುಗಳ ನಡುವಿನಿಂದ ಮುಖ ಹೊರಗಿಟ್ಟು, ನನ್ನ ಹುಟ್ಟಿನಿಂದ ದಿನಾ ಕೇಳುತ್ತಿದ್ದ ಮಾತನ್ನೇ ಕೇಳಿದಳು.

“ಉಂಡೀಯೇನೋ?”

“ಉಂಡೇನಿ ಕಾಕು” ಎಂದೆ. ಬಸ್ಸು ಹೊರಟುಹೋಯಿತು. ಹಿಂದಿನ ದಿನದಿಂದ ನಾನು ಏನನ್ನೂ ತಿಂದಿರಲಿಲ್ಲ.